ನೀರು ಕುಡಿಯದ ಕಾವು

ನೀಲಮ ಗುದ್ದಲಿಯನ್ನು ಜೋರಾಗಿ ಎತ್ತಿ ಹಾಕಿದಳು. ಆದರೆ ನೆಲಕ್ಕೆ ಬಡಿದದ್ದು ಬರೀ ಮರದ ಕಾವು. ಕಬ್ಬಿಣದ ಅಲಗು ಕಾವಿನಿಂದ ಕಳಚಿಕೊಂಡು ಹಾರಿ, ಬಾಹುಬಲಿ ಸರ್ ಕಾಲಿನಿಂದ ಎರಡೇ ಗೇಣು ದೂರದಲ್ಲಿ ಧಪ್ಪೆಂದು ಬಿತ್ತು.

ಸರ್ ಬಗ್ಗಿ ತಮ್ಮ ಚಪ್ಪಲಿ ನೋಡಿಕೊಂಡರು. ಬೆರಳು ಐದೂ ಇದ್ದವು. ಆಮೇಲೆ ಅವರಿಗೆ ಸಿಟ್ಟು ಬಂತು.

ದಿಗ್ಗೇವಾಡಿ ಶಾಲೆಯ ಐದನೇ ಕ್ಲಾಸಿಗೆ ನಗುವುದಕ್ಕೆ ಇಷ್ಟು ಸಾಕಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಮಿತ. ಇವನು ದ್ರಾಕ್ಷಿ ತೋಟದವರ ಮಗ. ಇವನ ಗುದ್ದಲಿಯ ಕಾವು ಮಿರಜದ ಅಂಗಡಿಯಿಂದ ಬಂದದ್ದು. ಪಾಲಿಶ್ ಹಚ್ಚಿ ಫಳಫಳ ಹೊಳೆಯುತ್ತಿತ್ತು, ಮೇಲೊಂದು ಸ್ಟಿಕ್ಕರ್ ಬೇರೆ. ಮಣ್ಣು ಅಗೆಯುವ ಕಾವಿಗೆ ಸ್ಟಿಕ್ಕರ್ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಮುಟ್ಟಿ ಮುಟ್ಟಿ ನೋಡಿದ್ದೇ ನೋಡಿದ್ದು.

"ಬಳ್ಳಾರಿ ಜಾಲಿ ಕಾವು ತಂದಾಳ್ರಿ ಸರ್," ಎಂದ ಅಮಿತ. "ಅದು ಒಲಿಗೆ ಹಾಕೋ ಕಟಗಿ ಐತ್ರಿ."

ಬಳ್ಳಾರಿ ಜಾಲಿಗೆ ಆ ಊರಲ್ಲಿ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ಅದನ್ನು ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಆದರೂ ಕಾಲುವೆ ದಂಡೆ, ರೈಲು ಹಳಿಯ ಪಕ್ಕ, ಬೀಳು ಬಿದ್ದ ಹೊಲ, ಎಲ್ಲಿ ನೋಡಿದರೂ ಅದೇ. ನೆಟ್ಟಗೆ ಬೆಳೆಯುವುದು ಅದರ ಜಾಯಮಾನದಲ್ಲೇ ಇಲ್ಲ. ಮುಳ್ಳು ಚುಚ್ಚಿದರೆ ಕೈ ವಾರಗಟ್ಟಲೆ ಬಾತುಕೊಳ್ಳುತ್ತದೆ. ಅದರ ಕಾಯಿ ತಿನ್ನುವ ಆಡುಗಳು ಮಾತ್ರ ಅದನ್ನು ಮೆಚ್ಚಿಕೊಂಡಿದ್ದವು. ಆಡುಗಳ ಅಭಿಪ್ರಾಯವನ್ನು ಕೇಳುವವರು ಯಾರು?

ನೀಲಮಳ ಮುಖ ಕೆಂಪಾಯಿತು. ಆಗ ಅವಳು ನಿಜ ಹೇಳಬಹುದಿತ್ತು. ಹೇಳಲಿಲ್ಲ.

"ನಂದೇನ್ ತಪ್ಪಿಲ್ರಿ ಸರ್. ನಮ್ಮಜ್ಜ ಮಾಡಿಕೊಟ್ಟಿದ್ದು. ಅವಂಗ ಆಡು ಕಾಯೋದ ಬಿಟ್ರ ಏನೂ ತಿಳಿಯಂಗಿಲ್ಲ."

ಎಲ್ಲರೂ ಮತ್ತೆ ನಕ್ಕರು. ಈ ಸಲ ನೀಲಮಳೂ ಅವರ ಜೊತೆ ಸೇರಿ ನಕ್ಕಳು. ಅಜ್ಜನ ಹೆಸರಿಗೆ ನಕ್ಕರೆ ತನ್ನ ಹೆಸರು ಉಳಿಯುತ್ತದೆ ಅನ್ನುವುದು ಅವಳ ಲೆಕ್ಕ. ಎಂಥಾ ಜಾಣೆ ನೋಡಿ.

ಇವತ್ತಿನಿಂದ ನೀನು ಗುದ್ದಲಿ ಮುಟ್ಟಬೇಡ, ಗಿಡಕ್ಕೆ ನೀರು ಹಾಕಿದರೆ ಸಾಕು ಎಂದರು ಸರ್. ಆ ಕಾವನ್ನು ಒಲೆಗೆ ಹಾಕು ಎಂದೂ ಹೇಳಿದರು. ನೀಲಮ ಅದನ್ನು ಅಡುಗೆ ಕೋಣೆಯ ಹಿಂದೆ, ಸೋರುವ ನಳದ ಪಕ್ಕ ಎಸೆದು ಕೈ ಝಾಡಿಸಿಕೊಂಡು ಬಂದಳು.

ನಿಜ ಏನೆಂದರೆ, ಕಾವಿನದೂ ತಪ್ಪಿರಲಿಲ್ಲ, ಅಜ್ಜನದೂ ತಪ್ಪಿರಲಿಲ್ಲ.

ಶಾಲೆಯ ಕೈತೋಟಕ್ಕೆಂದು ಹನ್ನೆರಡು ಹೊಸ ಅಲಗುಗಳು ಬಂದಿದ್ದವು. ಹನ್ನೆರಡು ಮಕ್ಕಳು ಮನೆಯಿಂದ ಒಂದೊಂದು ಕಾವು ತರಬೇಕು, ಕೂಡಿಸಲು ಬರುವ ಹಿರಿಯರಿದ್ದರೆ ಶನಿವಾರ ಶಾಲೆಗೆ ಕರೆದುಕೊಂಡು ಬರಬೇಕು ಎಂದು ಸರ್ ಹೇಳಿದ್ದರು. ಇದನ್ನು ಕೇಳಿದ ನೀಲಮಳ ಅಜ್ಜ ಸತ್ಯಪ್ಪ ಹಿಗ್ಗಿ ಹೀರೆಕಾಯಿಯಾದ. ಅವನ ಹತ್ತಿರ ಒಂದು ಕೊಂಬೆ ಇತ್ತು. ಹೋದ ವರ್ಷ ಕಾಲುವೆ ದಂಡೆಯ ಸಾವಿರ ಸೊಟ್ಟ ಕೊಂಬೆಗಳ ನಡುವೆ ಮೂರು ದಿನ ಹುಡುಕಿ ತಂದ ಒಂದೇ ಒಂದು ನೆಟ್ಟನೆಯ ಕೊಂಬೆ. ಅದನ್ನು ಕಡಿಯುವಾಗ ಮುಳ್ಳು ತಾಗಿ ಹೆಬ್ಬೆರಳು ಒಂದು ತಿಂಗಳು ಬಾತಿತ್ತು.

ಅದನ್ನು ಬಾಚಿಯಿಂದ ಕೆತ್ತಿದ. ಕಟ್ಟಿಗೆ ಎಷ್ಟು ಗಟ್ಟಿ ಎಂದರೆ ಬಾಚಿಯ ಬಾಯಿ ಎರಡು ಸಲ ಮೊಂಡಾಯಿತು, ಎರಡು ಸಲ ಮಸೆದ. ಒಳಗಿನ ತಿರುಳು ಕೆಂಪಗೆ, ಬೆಲ್ಲದ ಬಣ್ಣಕ್ಕೆ ಬಂತು. ತುದಿಯನ್ನು ಮಾತ್ರ ದಪ್ಪಗೇ ಬಿಟ್ಟ. ಅಲಗಿನ ತೂತು ನೋಡದೆ ತುದಿ ಕೆತ್ತಬಾರದು ಎಂದ.

"ಈ ಕಟಗಿ ನೀರ ಕುಡಿಯಂಗಿಲ್ಲವ್ವಾ," ಎಂದ ಅಜ್ಜ. "ನೆನದ್ರ ಉಬ್ಬಂಗಿಲ್ಲ, ಒಣಗಿದ್ರ ಕುಗ್ಗಂಗಿಲ್ಲ. ಅಳತಿ ನೋಡಿ ಕೂಡಿಸಿ ಬೆಣಿ ಬಡೀಬೇಕು. ಶನಿವಾರ ನಾನೇ ಬರ್ತೀನಿ."

ನೀಲಮಳ ಕಣ್ಣಿಗೆ ಶನಿವಾರ ಹಾಗೇ ಕಟ್ಟಿತು. ಹೆಗಲ ಮೇಲೆ ಆಡಿನ ವಾಸನೆಯ ಕಂಬಳಿ ಹೊತ್ತ ಅಜ್ಜ. ಅವನ ಹಿಂದೆ ಹದಿನಾಲ್ಕು ಆಡು. ಅದೇ ಹೊತ್ತಿಗೆ ಕಾರಿನಲ್ಲಿ ಬಂದು ಇಳಿಯುವ ಅಮಿತನ ಅಪ್ಪ.

"ಸಾಲಿಗಿ ಮನಿ ಮಂದಿ ಬರಬಾರದಂತ ಸರ್ ಹೇಳ್ಯಾರ," ಎಂದುಬಿಟ್ಟಳು.

ಸರ್ ಹೇಳಿದ ಮೇಲೆ ಮುಗೀತು ಎಂದು ಅಜ್ಜ ಸುಮ್ಮನಾದ. ಅವನಿಗೆ ಬೇಜಾರಾಗಿತ್ತು. ನೀಲಮ ಅದನ್ನು ನೋಡಿಯೂ ನೋಡದವಳಂತೆ ಕಾವು ಎತ್ತಿಕೊಂಡು ಹೋದಳು.

ಶನಿವಾರ ಶಾಲೆಯಲ್ಲಿ ತುದಿಯನ್ನು ತಾನೇ ಚಾಕುವಿನಿಂದ ಕೆತ್ತಿದಳು. ಆ ಗಟ್ಟಿ ಕಟ್ಟಿಗೆಯ ಜೊತೆ ಒಂದು ತಾಸು ಗುದ್ದಾಡಿ, ಕೊನೆಗೆ ಹೆಚ್ಚೇ ಕೆತ್ತಿದಳು. ಅಲಗು ಸಡಿಲಾಯಿತು. ಆಗ ಊರಿನ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಆ ಕಡೆಯ ಊರುಗಳಲ್ಲಿ ಕೊಡಲಿ ಸಡಿಲಾದರೂ ಗುದ್ದಲಿ ಸಡಿಲಾದರೂ ಒಂದೇ ಮದ್ದು. ಸಂಜೆ ನೀರಲ್ಲಿ ಅದ್ದಿ ಇಡುವುದು. ಕಾವು ನೀರು ಕುಡಿದು ಉಬ್ಬುತ್ತದೆ, ಮುಂಜಾನೆ ಅಲಗು ಬಿಗಿಯಾಗಿ ಕೂತಿರುತ್ತದೆ. ಶಾಲೆಯ ಬ್ಯಾರಲ್ಲಿನಲ್ಲಿ ಹನ್ನೆರಡೂ ಗುದ್ದಲಿಗಳು ತಲೆ ಕೆಳಗಾಗಿ ಮುಳುಗಿದವು. ಸೋಮವಾರ ಮುಂಜಾನೆ ಹನ್ನೊಂದು ಬಿಗಿಯಾಗಿದ್ದವು. ನೀಲಮಳದು ಬೀಳಲಿರುವ ಹಲ್ಲಿನಂತೆ ಅಲುಗಾಡುತ್ತಲೇ ಇತ್ತು. ನಡೆಯುತ್ತದೆ ಬಿಡು ಎಂದುಕೊಂಡು ಎತ್ತಿದಳು. ಹೇಗೆ ನಡೆಯಿತು ಎಂದು ಸರ್ ಚಪ್ಪಲಿಯನ್ನು ಕೇಳಬೇಕು.

ಇನ್ನು ಆ ಹನ್ನೊಂದು ಶೂರರ ಕತೆ ಕೇಳಿ.

ಫೆಬ್ರುವರಿ ಬಿಸಿಲು ಏರಿತು. ನೀರು ಕುಡಿದು ಉಬ್ಬಿದ್ದ ಕಾವುಗಳು ಮಧ್ಯಾಹ್ನದೊಳಗೆ ಒಣಗಿ, ಮೊದಲಿಗಿಂತಲೂ ಸೊರಗಿದವು. ಅಲಗುಗಳು ಲೊಟಲೊಟ ಎನ್ನತೊಡಗಿದವು. ಸಂಜೆ ಮತ್ತೆ ಬ್ಯಾರಲ್, ಮುಂಜಾನೆ ಬಿಗಿ, ಮಧ್ಯಾಹ್ನ ಮತ್ತೆ ಸಡಿಲ. ಸರ್ ಇದಕ್ಕೊಂದು ಡ್ಯೂಟಿ ಲಿಸ್ಟ್ ಬೇರೆ ಮಾಡಿ ಗೋಡೆಗೆ ಅಂಟಿಸಿದರು. ಪಾಲಕ ಸೊಪ್ಪಿನ ಸಸಿಗೆ ಒಂದು ಮಗ್ ನೀರು, ಕಾವಿಗೆ ಒಂದು ಬ್ಯಾರಲ್ ನೀರು. ಇಷ್ಟು ಉಪಚಾರ ಮಾಡಿದ್ದರೆ ಪಾಲಕ ಆಳೆತ್ತರ ಬೆಳೆಯುತ್ತಿತ್ತು.

ಹತ್ತನೇ ದಿನ ಅಮಿತನ ಮಿರಜ ಕಾವು ಉದ್ದಕ್ಕೂ ಬಿರುಕು ಬಿಟ್ಟಿತು. ಸ್ಟಿಕ್ಕರ್ ಯಾವಾಗಲೋ ಉದುರಿ ಹೋಗಿತ್ತು. ಬಾಂಡ್ ಅಂಟು ಹಚ್ಚಿದರೆ ಕೂಡುತ್ತದೆ ಎಂದು ಅವನು ವಾದಿಸುತ್ತಿದ್ದ. ಬುದ್ಧಿವಂತ.

ಆ ದಿನ ನೀಲಮ ಮಗ್ ತೊಳೆಯಲು ಅಡುಗೆ ಕೋಣೆಯ ಹಿಂದೆ ಹೋದಳು. ಅವಳು ಎಸೆದ ಕಾವು ಅಲ್ಲೇ ಬಿದ್ದಿತ್ತು. ಹತ್ತು ದಿನ ನಳದ ನೀರು ಅದರ ಮೇಲೆ ಹನಿದಿತ್ತು, ಹತ್ತು ದಿನ ಬಿಸಿಲು ಸುಟ್ಟಿತ್ತು. ಎತ್ತಿ ನೋಡಿದಳು. ಬಿರುಕಿಲ್ಲ. ಸೊಟ್ಟಗಾಗಿಲ್ಲ. ಮೂಲೆ ಸೇರಿದ್ದ ತನ್ನ ಅಲಗನ್ನು ತಂದು, ಅದರ ತೂತಿಗೆ ಹಾಕಿ ನೋಡಿದಳು. ಅವಳ ಚಾಕು ಮಾಡಿದ್ದ ಸಂದಿ ಇತ್ತಲ್ಲ, ಅದು ಅಂದು ಎಷ್ಟಿತ್ತೋ ಇವತ್ತೂ ಅಷ್ಟೇ ಇತ್ತು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆ ಇಲ್ಲ.

ಒಂದು ಚೂರು ಕಟ್ಟಿಗೆಯನ್ನು ಬೆಣೆ ಮಾಡಿ ಸಂದಿಗೆ ಇಟ್ಟು ಕಲ್ಲಿನಿಂದ ಬಡಿದಳು. ಅಲಗು ಕೂತಿತು. ಯಾರಿಗೂ ಹೇಳದೆ ಮೂಲೆಯಲ್ಲಿ ಒಂದು ಮಡಿ ಅಗೆದಳು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಅಲಗು ಜಪ್ಪಯ್ಯ ಅನ್ನಲಿಲ್ಲ.

ಸರ್ ಬಂದು ನೋಡಿದರು. ಇದನ್ನು ಒಲೆಗೆ ಹಾಕು ಎಂದವರು ತಾವೇ ಅನ್ನುವುದನ್ನು ಅವರು ಆರಾಮಾಗಿ ಮರೆತಿದ್ದರು. ಹನ್ನೆರಡಕ್ಕೂ ಇದೇ ಕಟ್ಟಿಗೆಯ ಕಾವು ಬೇಕು, ನಾಳೆ ನಿಮ್ಮಜ್ಜನನ್ನು ಕರೆದುಕೊಂಡು ಬಾ ಎಂದರು.

ಮನೆಗೆ ಬಂದು ಹೇಳಿದಾಗ ಅಜ್ಜ ಕೇಳಿದ್ದು ಒಂದೇ ಮಾತು. ಮನೆ ಮಂದಿ ಬರಬಾರದು ಅಂದಿದ್ದರಲ್ಲ? ಈಗ ಬರಬಹುದಂತೆ ಎಂದಳು ನೀಲಮ. ಒಂದು ಸುಳ್ಳಿನ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕಿದಳು.

ಮರುದಿನ ಅಜ್ಜ ಮದುವೆಗಳಿಗೆಂದು ಇಟ್ಟಿದ್ದ ಬಿಳಿ ಧೋತರ ಉಟ್ಟುಕೊಂಡು ಬಂದ. ಆಡುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದ. ಆದರೂ ಗೇಟಿನ ಹೊರಗೇ ನಿಂತಿದ್ದ. ಸರ್ ಹೋಗಿ ಎರಡು ಸಲ ಕರೆದ ಮೇಲೆ ಒಳಗೆ ಕಾಲಿಟ್ಟ.

ಉಳಿದ ಹನ್ನೊಂದಕ್ಕೆ ನೆಟ್ಟನೆಯ ಕೊಂಬೆ ಹುಡುಕಬೇಕು, ಮೊದಲು ಇದನ್ನು ಸರಿ ಮಾಡೋಣ ಎಂದು ತೋಟದ ಪಕ್ಕ ಕೂತು, ನೀಲಮಳ ಕಾವಿನ ಬೆಣೆ ಕಿತ್ತು ಬಾಚಿ ತೆಗೆದ. ಮಕ್ಕಳು ಸುತ್ತ ನೆರೆದರು. ಕೆಲಸ ನೋಡುತ್ತ ನಿಂತ ಸರ್‌ಗೆ ಸುಮ್ಮನಿರಲು ಬರುವುದಿಲ್ಲ.

"ನೀವು ಆವತ್ತ ಶನಿವಾರನೇ ಬರಬೇಕಿತ್ರಿ ಅಜ್ಜಾರ. ಎಲ್ಲಾರ ಮನಿಗೂ ಹೇಳಿ ಕಳಿಸಿದ್ದೆ."

ಬಾಚಿ ನಿಂತಿತು. ಅಜ್ಜ ತಲೆ ಎತ್ತಿ ನೀಲಮಳನ್ನು ನೋಡಿದ. ಒಂದೇ ಸಲ. ನೀಲಮಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಈಗ ಹೇಳುತ್ತಾನೆ, ಎಲ್ಲರ ಮುಂದೆ ಹೇಳುತ್ತಾನೆ.

"ಹೌದ್ರಿ ಸರ್," ಎಂದ ಅಜ್ಜ. "ಆಡು ಬಿಟ್ಟ ಬರಾಕ ಆಗಲಿಲ್ರಿ. ನಂದೇ ತಪ್ಪಾತು."

ಸರ್‌ಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ಮಕ್ಕಳ ಶಾಲೆ ಎಂದರೆ ಒಂದು ತಾಸು ಬಿಡುವು ಮಾಡಿಕೊಳ್ಳಬೇಕು, ಓದು ಬರಹ ಇಲ್ಲದವರಿಗೆ ಶಿಕ್ಷಣದ ಬೆಲೆ ತಿಳಿಯುವುದಿಲ್ಲ, ದಿನಾ ಆಡಿನ ಹಿಂದೆ ಹೋದರೆ ಹೇಗೆ ಎಂದು ಶುರುಮಾಡಿದರು. ಎಪ್ಪತ್ತು ವರ್ಷದ ಅಜ್ಜ ತಲೆ ತಗ್ಗಿಸಿ, ಒಂದೊಂದು ಮಾತಿಗೂ ಹೌದ್ರಿ, ಹೌದ್ರಿ ಎನ್ನುತ್ತಿದ್ದ. ಹಿಂದೆ ಅಮಿತ ಕಿಸಕ್ಕೆಂದು ನಕ್ಕ. ಅವನ ಪಕ್ಕದವರೂ ನಕ್ಕರು.

ಹತ್ತು ದಿನದ ಹಿಂದೆ ನೀಲಮ ಇದೇ ನಗು ನಕ್ಕಿದ್ದಳು. ಈಗ ಅದು ಅವಳ ಎದೆಗೆ ಚುಚ್ಚಿತು.

"ಅಜ್ಜಂದು ತಪ್ಪಿಲ್ರಿ ಸರ್," ಎಂದಳು. "ಮನಿ ಮಂದಿ ಬರಬಾರದಂತ ಸರ್ ಹೇಳ್ಯಾರ ಅಂತ ನಾನೇ ಸುಳ್ಳ ಹೇಳಿದ್ದೆ. ಅಂವ ಬರ್ತೀನಿ ಅಂದಿದ್ದ."

ಸರ್ ಮಾತು ಅರ್ಧಕ್ಕೆ ನಿಂತಿತು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದರು.

"ನನಗ ನಾಚಿಕಿ ಬಂದಿತ್ರಿ," ಎಂದಳು.

ಯಾರೂ ನಗಲಿಲ್ಲ. ಅಮಿತ ಕೂಡ ಅತ್ತ ತಿರುಗಿ ಪಾಲಕದ ಮಡಿ ನೋಡತೊಡಗಿದ. ಸರ್‌ಗೆ ಆಫೀಸಿನಲ್ಲಿ ಏನೋ ಕೆಲಸ ನೆನಪಾಯಿತು.

ಅಜ್ಜ ಕಾವಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆಮೇಲೆ ಅದನ್ನು ಅಲಗಿಗೆ ಸೇರಿಸಿ, ಇನ್ನೊಂದು ತುದಿಯನ್ನು ಅವಳ ಕಡೆ ಚಾಚಿದ.

"ಹಿಡಿ. ಅಲುಗಾಡಿಸಬ್ಯಾಡ."

ನೀಲಮ ಅವನ ಎದುರು ಕೂತಳು. ಅಜ್ಜನ ಬಿಳಿ ಧೋತರದ ಅಂಚು ಒದ್ದೆ ಮಣ್ಣಿನಲ್ಲಿ ಬಿದ್ದಿತ್ತು. ಎಲ್ಲರೂ ನೋಡುತ್ತಿದ್ದರು. ಅವಳು ಅದನ್ನು ಎತ್ತಿ, ಮಣ್ಣು ಕೊಡವಿ, ಅವನ ಮೊಣಕಾಲ ಮೇಲೆ ಹಾಕಿದಳು. ಆಮೇಲೆ ಎರಡೂ ಕೈಯಿಂದ ಕಾವು ಹಿಡಿದಳು.