ಅವಳಿಲ್ಲದ ಫೋಟೊಗಳು

"ಏಯ್! ಯಾರ್ರೀ ಅದು? ಮೊದಲು ಎದ್ದೇಳಿ!"

ಶಿಶುವಿಹಾರದ ಅಂಗಳದಲ್ಲಿ, ಜಾರುಬಂಡೆಯ ಪಕ್ಕದಲ್ಲಿ ಅಪರಿಚಿತನೊಬ್ಬ ಬೋರಲು ಮಲಗಿದ್ದ. 'ಪಟಾಕಿ' ಎಂದೇ ಎಲ್ಲರೂ ಕರೆಯುವ ಮೂರು ವರ್ಷದ ತುಂಟಿ ಅವನ ಬೆನ್ನೇರಿ ಸವಾರಿ ಮಾಡುತ್ತಿದ್ದಳು!

ಟೀಚರ್ ಓಡಿಬಂದು ಪಟಾಕಿಯನ್ನು ಎತ್ತಿಕೊಂಡಳು.

ಅವನು ತಲೆಯೆತ್ತಿದ. ಮೂಗಿನ ತುದಿಯಲ್ಲಿ ಮರಳು, ಕೈಯಲ್ಲಿ ಕ್ಯಾಮೆರಾ.

"ಫೋಟೊಗ್ರಾಫರ್ ಕಣ್ರೀ... ದೊಡ್ಡ ಟೀಚರ್ ಕರೆಸಿದ್ದಾರೆ. ಮಕ್ಕಳ ಆಲ್ಬಂಗೆ."

"ಫೋಟೊ ತೆಗೆಯೋರು ನಿಂತ್ಕೊಂಡು ತೆಗೀತಾರೆ!"

"ನಿಂತು ತೆಗೆದ್ರೆ ಇವರ ನೆತ್ತಿ ಮಾತ್ರ ಸಿಗುತ್ತೆ. ಮುಖ ಬೇಕಂದ್ರೆ ನಾವೂ ಇವರಷ್ಟೇ ಕುಳ್ಳಗಾಗ್ಬೇಕು."

ನಗು ಉಕ್ಕಿ ಬಂದರೂ ಅವಳು ತುಟಿ ಕಚ್ಚಿಕೊಂಡಳು. 'ಮಾತಿಗೇನೂ ಬರ ಇಲ್ಲ!'

ಆ ವಾರವೆಲ್ಲ ಅವನು ಬಂದ. ಮೊದಲು ಅವಳೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಎಲ್ಲರೂ ನಗಿ!" ಎಂದಳು. ಒಬ್ಬ ಮೂಗಿಗೆ ಬೆರಳಿಟ್ಟ. ಇನ್ನೊಬ್ಬಳು ಜೋರಾಗಿ ಅತ್ತಳು. ಪಟಾಕಿಯಂತೂ ಗೇಟಿನತ್ತ ಓಟ ಕಿತ್ತಳು.

"ನಿಲ್ಲಿಸ್ಬೇಡಿ ಟೀಚರ್. ಏನಾದ್ರೂ ಆಟ ಹಚ್ಚಿಬಿಡಿ. ನಾನಿರೋದೇ ಮರೆತುಹೋಗ್ಲಿ."

ಅವಳು ಸೋಪಿನ ನೀರು ಕಲಸಿ ತಂದು ಗುಳ್ಳೆ ಊದಿದಳು. ಅಷ್ಟೇ! ಅಂಗಳದ ತುಂಬ ಕೇಕೆ. ಗುಳ್ಳೆ ಹಿಡಿಯಲು ಹಾರುವ ಪುಟ್ಟ ಕೈಗಳು, ಅದು ಒಡೆದಾಗ ಅರಳುವ ಕಣ್ಣುಗಳು... ಅವನು ಮಂಡಿಯೂರಿ, ತೆವಳಿ, ಕ್ಲಿಕ್ಕಿಸುತ್ತಲೇ ಇದ್ದ. ನಡುನಡುವೆ ಅವಳತ್ತ ನೋಡಿ ನಗುತ್ತಿದ್ದ.

ಆ ನಗು ಸಂಜೆ ಅವಳ ಜೊತೆ ಮನೆಗೂ ಹೋಗುತ್ತಿತ್ತು!

ಕೊನೆಯ ದಿನ ಅವನು ಪ್ರಿಂಟುಗಳನ್ನು ತಂದು ಮೇಜಿನ ಮೇಲೆ ಹರಡಿದ. ಪಟಾಕಿಯ ಕೆನ್ನೆಯ ಮೇಲೆ ಒಡೆಯುತ್ತಿರುವ ಗುಳ್ಳೆ... ಎಷ್ಟು ಚೆಂದ!

ಅವಳು ಒಂದೊಂದನ್ನೇ ನೋಡಿದಳು. ಮತ್ತೊಮ್ಮೆ ನೋಡಿದಳು. ಒಂದರಲ್ಲಿ ಅವಳ ಮೊಣಕೈ. ಇನ್ನೊಂದರಲ್ಲಿ ದುಪಟ್ಟಾದ ಅಂಚು. ಮುಖ ಮಾತ್ರ ಎಲ್ಲೂ ಇಲ್ಲ!

'ಬೇಕಂತಲೇ ಬಿಟ್ಟಿದ್ದಾನೆ. ನಾನು ನೋಡೋಕೆ ಅಷ್ಟು ಕೆಟ್ಟದಾಗಿದೀನಾ? ಆ ನಗು ಊರಿಗೆಲ್ಲ ಹಂಚೋ ನಗುನೇ... ನಾನೇ ಪೆದ್ದಿ!'

"ಚೆನ್ನಾಗಿವೆ" ಎಂದಷ್ಟೇ ಹೇಳಿ ಎದ್ದಳು. ತುಂಬಿದ ಕಣ್ಣು ಅವನಿಗೆ ಕಾಣದಿರಲೆಂದು ಬಗ್ಗಿ ಆಟಿಕೆಗಳನ್ನು ಆಯತೊಡಗಿದಳು.

"ಟೀಚರ್... ಏನಾಯ್ತು?"

"ಏನಿಲ್ಲ. ನನ್ನ ಮೊಣಕೈ ತುಂಬಾ ಚೆನ್ನಾಗಿ ಬಂದಿದೆ!"

ಅವನು ತಬ್ಬಿಬ್ಬಾದ. ಆಮೇಲೆ ಅರ್ಥವಾಯಿತು.

"ಮಕ್ಕಳ ಫೋಟೊಗೆ ಅವರ ಅಪ್ಪ ಅಮ್ಮ ಒಪ್ಪಿದ್ದಾರೆ. ನಿಮ್ಮನ್ನ ಕೇಳಿರ್ಲಿಲ್ಲ. ಕದ್ದು ತೆಗೆಯೋಕೆ ಮನಸ್ಸು ಬರ್ಲಿಲ್ಲ."

"ಕೇಳೋಕೇನು, ಬಾಯಿಗೆ ಬೀಗ ಬಿದ್ದಿತ್ತಾ?"

"ಬಿದ್ದಿತ್ತು! ಬರೀ ಫೋಟೊ ಆಗಿದ್ರೆ ಕೇಳಿಬಿಡ್ತಿದ್ದೆ. ಕೇಳ್ಬೇಕಾಗಿದ್ದು ಅದಕ್ಕಿಂತ ದೊಡ್ಡದು... ನೀವಂದ್ರೆ ನಂಗೆ..."

"ಟೀಚರ್! ಸೂಸು!" ಪಟಾಕಿ ದುಪಟ್ಟಾ ಜಗ್ಗಿದಳು.

"ಅಯ್ಯೋ! ಇರು ಕಂದಾ..." ಮಗುವನ್ನೆತ್ತಿಕೊಂಡು ಓಡುತ್ತಲೇ ಅವಳು ತಿರುಗಿ ನೋಡಿದಳು. "ರೀ, ಎಲ್ಲಿಗೂ ಹೋಗ್ಬೇಡಿ!"

ವಾಪಸ್ಸು ಬಂದಾಗ ಅವನು ನೆಲದ ಮೇಲೆ ಕುಳಿತು ಆಟಿಕೆಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಎದುರಿಗೆ ಕುಳಿತಳು.

"ಏನೋ ಹೇಳ್ತಿದ್ರಿ..."

"ನೀವಂದ್ರೆ ನಂಗೆ ತುಂಬಾ ಇಷ್ಟ. ಆದ್ರೆ ಕೆಲಸ ಮುಗೀತು. ನಾಳೆಯಿಂದ ಇಲ್ಲಿಗೆ ಬರೋಕೆ ನೆಪಾನೇ ಇಲ್ಲ."

ಅವಳ ಕೆನ್ನೆ ಕೆಂಪೇರಿತು.

"ನೆಪ ಯಾಕೆ? ನನ್ನನ್ನ ನೋಡೋಕೆ ಬನ್ನಿ."

"ದಿನಾ?"

"ಭಾನುವಾರ ಬಿಟ್ಟು."

ಅವನ ಮುಖ ಬಾಡಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಭಾನುವಾರ ಇಲ್ಲಿ ಬಾಗಿಲು ಹಾಕಿರುತ್ತೆ. ಮನೆಗೇ ಬನ್ನಿ... ಅಪ್ಪ, ಅಮ್ಮ ಇರ್ತಾರೆ."