ಮೂರೇ ಮಕ್ಕಳು ಯಾಕೆ?

ಬಾಗಿಲು ತೆರೆದಾಗ ಅವಳ ಸೊಂಟದ ಮೇಲೊಂದು ಮಗುವಿತ್ತು, ಕಾಲಿಗೆ ಇನ್ನೊಂದು ಜೋತುಬಿದ್ದಿತ್ತು. ಹೊರಗೆ ನಿಂತವನ ಹೆಗಲಲ್ಲಿ ಚೀಲ, ಮುಖದಲ್ಲಿ ಸಂಕೋಚ.

“ಮಕ್ಕಳನ್ನ ನೋಡ್ಕೊಳ್ಳೋ ಮನೆ ಇದೇನಾ?”

“ಇದೇ. ಆದ್ರೆ ಜಾಗ ಇಲ್ಲ ಸರ್. ಅಕ್ಕನ ಮಗನ್ನ ಬಿಟ್ಟೇ ನಾಲ್ಕು ಮಕ್ಕಳಿದಾರೆ. ನಿಮ್ಮ ಮಗೂಗೆ ಎಷ್ಟು ವಯಸ್ಸು?”

“ನಂಗೆ ಮಗು ಇಲ್ಲ. ಮದುವೇನೂ ಆಗಿಲ್ಲ. ನಾನು ಲೈಸೆನ್ಸ್ ಆಫೀಸಿಂದ ಬಂದಿದೀನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವಳು ಅದಕ್ಕೂ ಮುಂದೆ ಹೋಗಿದ್ದಳು. ಯಾರೂ ಕಳ್ಳ ಎನ್ನುವ ಮೊದಲೇ ಕುಂಬಳಕಾಯಿಗಳ ಲೆಕ್ಕ ಒಪ್ಪಿಸಿದ್ದಳು. ಅವನ ಅವಸ್ಥೆಯೂ ಅದೇ. ಕೇಳದೆಯೇ ಮದುವೆಯ ಸಂಗತಿ ಹೇಳಿದ್ದಕ್ಕೆ ಅವನ ಕಿವಿ ಕೆಂಪಾಗತೊಡಗಿತ್ತು. ಅವಳು ಅದನ್ನು ನೋಡಿದಳು, ನೋಡಿದ್ದನ್ನು ಅವನೂ ನೋಡಿದ.

ಮಕ್ಕಳಿಗೆ ಅವಳು ಟೀಚರಕ್ಕ. ಹಿಂದೆ ದೊಡ್ಡದೊಂದು ಶಿಶುವಿಹಾರದಲ್ಲಿ ಕೆಲಸಕ್ಕಿದ್ದಳು. ಅದು ಮುಚ್ಚಿದಾಗ ದಿಕ್ಕುತೋಚದ ತಾಯಂದಿರು ಒಬ್ಬೊಬ್ಬರಾಗಿ ಇವಳ ಮನೆಯ ಬಾಗಿಲು ತಟ್ಟಿದ್ದರು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಲೈಸೆನ್ಸ್ ಬೇಕು ಎನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

ಕೋಣೆಯ ಕುರ್ಚಿಗಳೆಲ್ಲ ಮೊಣಕಾಲೆತ್ತರದವು. ಅವನು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತ. ಕೂತ ಕೂಡಲೇ ಒಂದು ಮಗು ಬಂದು ಅವನ ತೊಡೆಯ ಮೇಲೆ ರಟ್ಟಿನ ಆನೆಯನ್ನಿಟ್ಟಿತು.

“ಮನೇಲಿ ಮೂರು ಮಕ್ಕಳವರೆಗೆ ಲೈಸೆನ್ಸ್ ಬೇಡ. ನಿಮ್ಮ ಅಕ್ಕನ ಮಗ ಮನೆಯವನು, ಲೆಕ್ಕಕ್ಕೆ ಬರಲ್ಲ. ಹೊರಗಿನ ನಾಲ್ಕನೇ ಮಗು ಬಂದ ತಕ್ಷಣ ಬೇಕಾಗುತ್ತೆ,” ಎಂದ.

“ಮೂರೇ ಯಾಕೆ?”

“ನಿಯಮ ಹಾಗಿದೆ.”

“ಅದು ಗೊತ್ತಾಯ್ತು. ಎರಡು ಯಾಕಲ್ಲ? ಐದು ಯಾಕಲ್ಲ?”

ಈ ಕೆಲಸಕ್ಕೆ ಸೇರಿದಾಗಿನಿಂದ ಜನ ಅವನನ್ನು ಬೈದಿದ್ದರು, ಬೇಡಿಕೊಂಡಿದ್ದರು. ಹೀಗೆ ಯಾರೂ ಕೇಳಿರಲಿಲ್ಲ.

“ಗೊತ್ತಿಲ್ಲ,” ಎಂದ. “ತಿಳ್ಕೊಂಡು ಬಂದು ಹೇಳ್ತೀನಿ.”

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಆಫೀಸರನ್ನು ಅವಳು ಕಂಡಿರಲಿಲ್ಲ. ಇವನು ಎಂಥ ಮನುಷ್ಯ ಎಂಬ ಕುತೂಹಲ ಅಲ್ಲೇ ಹುಟ್ಟಿತು. ಆದರೆ ಅದಕ್ಕಿಂತ ಮೊದಲಿನ ಚಿಂತೆ ಗುಬ್ಬಿಯದು. ಗುಬ್ಬಿ ಮೇಲಿನ ಮಹಡಿಯ ನರ್ಸಿನ ಮಗಳು, ಎಲ್ಲರಿಗಿಂತ ಕೊನೆಗೆ ಬಂದವಳು. ಅವಳಪ್ಪ ಜೊತೆಗಿರಲಿಲ್ಲ.

“ಲೈಸೆನ್ಸ್ ಬರೋವರೆಗೆ ಒಂದು ಮಗೂನ ಕಳಿಸ್ಬೇಕು ಅಂದ್ರೆ ಅದು ಇವಳೇ ಆಗ್ತಾಳೆ. ಇವಳಮ್ಮ ಆಸ್ಪತ್ರೆ ಕೆಲಸ ಬಿಡ್ಬೇಕಾಗುತ್ತೆ ಸರ್.”

ಅವನು ಆನೆಯ ಸೊಂಡಿಲನ್ನು ನೇರಮಾಡುತ್ತ, ಒಳಗೆ ಪಾತ್ರೆ ತೊಳೆಯುತ್ತಿದ್ದ ಅವಳ ಅಮ್ಮನತ್ತ ನೋಡಿದ. “ಮಗೂನ ಅದರ ಮನೇಲೇ ಯಾರಾದ್ರೂ ನೋಡ್ಕೊಂಡ್ರೆ ಲೈಸೆನ್ಸ್ ಬೇಡ. ನಿಮ್ಮಮ್ಮ ಮೇಲೆ ಹೋಗಿ ಇರಬಹುದಾ?”

“ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ,” ಎಂದು ಅಮ್ಮ ಅಡುಗೆಮನೆಯಿಂದಲೇ ಒಪ್ಪಿಗೆ ಕೊಟ್ಟರು.

ಮರುದಿನದಿಂದ ಗುಬ್ಬಿ ಮೇಲೆ, ಉಳಿದವರು ಕೆಳಗೆ. ಮಹಡಿಯ ಮೇಲೆ ಪುಟ್ಟ ಕಾಲುಗಳು ದಡದಡ ಓಡಾಡುವುದೂ “ಟೀಚರಕ್ಕಾ” ಎಂದು ಅಳುವುದೂ ಕೇಳಿಸುತ್ತಿತ್ತು. ಕೆಳಗೆ ಟೀಚರಕ್ಕ ಹಾಡುತ್ತಿದ್ದ ಹಾಡನ್ನು ನಡುವೆಯೇ ನಿಲ್ಲಿಸುತ್ತಿದ್ದಳು.

ವಾರ ಕಳೆದು ಅವನು ಬಂದ. ಹೊಸ್ತಿಲ ಮೇಲೆ ನಿಂತೇ ಹೇಳಿದ.

“ನಿವೃತ್ತರಾದ ನಮ್ಮ ಹಳೇ ಸಾಹೇಬರನ್ನ ಕೇಳ್ದೆ. ಬೆಂಕಿ ಬಿತ್ತು ಅಂದ್ಕೊಳ್ಳಿ. ಒಬ್ಬಳೇ ಹೆಂಗಸು. ಒಂದು ಕಂಕುಳಲ್ಲಿ ಒಂದು ಮಗು, ಇನ್ನೊಂದು ಕಂಕುಳಲ್ಲಿ ಒಂದು. ಮೂರನೇದು ಬಟ್ಟೆ ಹಿಡ್ಕೊಂಡು ಹಿಂದೆ ಓಡಿಬರುತ್ತೆ. ಅವರು ಹೇಳಿದ್ದು ಹೀಗೆ. ಪುಸ್ತಕದಲ್ಲಿ ಎಲ್ಲೂ ಇಲ್ಲ.”

ನಾಲ್ಕನೆಯದು ಎಲ್ಲಿರುತ್ತದೆ ಎಂದು ಕೇಳುವ ಅಗತ್ಯ ಅವಳಿಗಿರಲಿಲ್ಲ. ಮೇಲೆ ಗುಬ್ಬಿಯ ಹೆಜ್ಜೆಗಳು ಕೇಳಿಸುತ್ತಿದ್ದವು. ಇಷ್ಟು ದಿನ ಆ ನಿಯಮದ ಮೇಲಿದ್ದ ಅವಳ ಸಿಟ್ಟು ಕರಗಿಹೋಯಿತು.

“ಹಾಗಾದ್ರೆ ಲೈಸೆನ್ಸಿಗೆ ಏನೇನು ಮಾಡ್ಬೇಕು ಹೇಳಿ,” ಎಂದಳು.

ಮಾಡುವುದು ಬೇಕಾದಷ್ಟಿತ್ತು. ಔಷಧಿಗಳು ಬೀಗದೊಳಗೆ ಹೋದವು, ಮೆಟ್ಟಿಲಿಗೆ ಗೇಟು ಬಂತು. ಸಹಾಯಕ್ಕೆ ಇನ್ನೊಬ್ಬರು ಬೇಕೆಂದಾಗ ಅಮ್ಮನೇ ತರಬೇತಿಗೆ ಹೆಸರು ಕೊಟ್ಟರು. ಅವನು ಬಂದಾಗಲೆಲ್ಲ ಅವಳ ಬಳಿ ಹೊಸ ಪ್ರಶ್ನೆಗಳಿರುತ್ತಿದ್ದವು, ಅವನ ಬಳಿಯೂ.

“ಅಳೋ ಮಗು ನಿಮ್ಮ ಹೆಗಲ ಮೇಲೆ ಮಲಗಿದ ತಕ್ಷಣ ಯಾಕೆ ಸುಮ್ಮನಾಗುತ್ತೆ?”

“ಅದು ತಪಾಸಣೆಯ ಪ್ರಶ್ನೇನಾ?”

“ಅಲ್ಲ. ನಂಗೆ ತಿಳ್ಕೊಬೇಕು.”

“ನಾನು ಉಸಿರು ನಿಧಾನ ಮಾಡ್ತೀನಿ. ಮಗೂನೂ ಹಾಗೇ ಮಾಡುತ್ತೆ.”

ಅವನು ತಲೆಯಾಡಿಸಿದ. ತನಗೆ ಅರಿವಿಲ್ಲದೆಯೇ ತಾನೂ ನಿಧಾನವಾಗಿ ಉಸಿರಾಡುತ್ತಿದ್ದ. ಅದನ್ನು ಕಂಡು ಅವಳು ನಗು ಅಡಗಿಸಲು ಮಗುವಿನ ಕೂದಲಲ್ಲಿ ಮುಖವಿಟ್ಟಳು.

“ಲೈಸೆನ್ಸ್ ಮನೆಗೋ, ಮನೆಯವಳಿಗೋ?” ಎಂದು ಅಕ್ಕ ಸಂಜೆ ಮಗನನ್ನು ಕರೆದೊಯ್ಯಲು ಬಂದಾಗ ಕೆಣಕಿದಳು. ಅವಳು ಆಟಿಕೆಗಳನ್ನು ಜೋಡಿಸುತ್ತ ಕೇಳಿಸದವಳಂತಿದ್ದಳು.

ಕೊನೆಯ ತಪಾಸಣೆಯ ದಿನ ಅವಳು ಎಂದಿಗಿಂತ ಬೇಗ ಎದ್ದು ತಲೆ ಬಾಚಿಕೊಂಡಳು. ಬೆಲ್ ಆಯಿತು. ಹೊರಗೆ ನಿಂತಿದ್ದವರು ದಪ್ಪ ಕನ್ನಡಕದ ಹಿರಿಯ ಮೇಡಂ.

“ಅವರು ಬರಲ್ವಾ?”

“ಇಲ್ಲಮ್ಮ. ಈ ಕೇಸು ನಂಗೆ ಬೇಡ ಅಂತ ಅವರೇ ಆಫೀಸಿನ ಸಾಹೇಬರಿಗೆ ಹೇಳಿದಾರೆ.”

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬೇಡ ಎಂದರೆ ಏನರ್ಥ? ತಾನು ಅಷ್ಟು ಪ್ರಶ್ನೆ ಕೇಳಬಾರದಿತ್ತೇ? ಮೇಡಂ ಮನೆಯೆಲ್ಲ ನೋಡಿದರು. ಎಲ್ಲವೂ ಸರಿಯಾಗಿತ್ತು, ಹಿತ್ತಿಲ ಬಾಗಿಲೊಂದನ್ನು ಬಿಟ್ಟು. ಮರ ಉಬ್ಬಿ ಅದು ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಭುಜ ಕೊಟ್ಟು ದೂಡಿದರೂ ಜಗ್ಗಲಿಲ್ಲ.

“ಮಕ್ಕಳು ಓಡಿಹೋಗೋ ದಾರಿ ಇದು. ನಾಳೆ ಮತ್ತೆ ಬರ್ತೀನಿ. ಅಷ್ಟರೊಳಗೆ ಸರಿಮಾಡಿಸು.”

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವನು ಬಂದ. ಚೀಲವಿರಲಿಲ್ಲ, ಕೈಯಲ್ಲಿ ಸ್ಕ್ರೂಡ್ರೈವರೂ ಮರ ಹೆರೆಯುವ ಬಡಗಿಯ ಉಜ್ಜುಗೊರಡೂ ಇದ್ದವು.

“ಮೇಡಂ ಹೇಳಿದ್ರು. ಅವರಿಗೆ ತಿಳಿಸೇ ಬಂದೆ. ಈಗ ನಾನು ಆಫೀಸರಲ್ಲ, ಬಾಗಿಲು ಮುಟ್ಟಬಹುದು.”

“ನಮ್ಮ ಕೇಸೇ ಬೇಡ ಅಂದೋರಿಗೆ ನಮ್ಮ ಬಾಗಿಲು ಯಾಕೆ ಬೇಕು?”

ಅವನು ಕೀಲಿನ ಸ್ಕ್ರೂಗಳನ್ನು ಬಿಚ್ಚಿದ. ಬಾಗಿಲು ಭಾರವಾಗಿತ್ತು. ಆ ತುದಿಯನ್ನು ಅವನು ಹಿಡಿದ, ಈ ತುದಿಯನ್ನು ಅವಳು ಹಿಡಿಯಲೇಬೇಕಾಯಿತು.

“ಪರೀಕ್ಷೆ ಮಾಡೋನು ಆ ಮನೆಯವರ ಮೇಲೆ ಮನಸ್ಸಿಡಬಾರದು,” ಎಂದ, ಬಾಗಿಲ ಆಚೆಯಿಂದ. “ನಾನು ಇಟ್ಟಾಗಿತ್ತು. ಸಾಹೇಬರಿಗೆ ಹಾಗೇ ಹೇಳ್ದೆ.”

“ಸಾಹೇಬರಿಗೆ ಹೇಳಿದ್ರಿ. ನಂಗೆ ಹೇಳ್ಲಿಲ್ಲ.”

“ನಿಮ್ಮ ಲೈಸೆನ್ಸ್ ನನ್ನ ಕೈಲಿದ್ದಾಗ ಹೇಳಿದ್ರೆ ನೀವು ಬೇಡ ಅನ್ನೋದು ಹೇಗೆ?”

ಅವಳು ಬಾಗಿಲ ಅಂಚಿನ ಮೇಲಿಂದ ಅವನನ್ನು ನೋಡಿದಳು. ಕಿವಿ ಮಾತ್ರವಲ್ಲ, ಈಗ ಇಡೀ ಮುಖ ಕೆಂಪಾಗಿತ್ತು. ಒಂದು ಮಾತು ಹೇಳುವುದಕ್ಕಾಗಿ, ಬೇಡ ಎನ್ನುವ ದಾರಿಯನ್ನು ತನಗೆ ಮೊದಲು ತೆರೆದಿಟ್ಟಿದ್ದ ಮನುಷ್ಯ.

“ಇದನ್ನ ಮೊದಲು ಕೆಳಗಿಡೋಣ. ಕೈ ಸೋಲ್ತಿದೆ,” ಎಂದಳು ಮೆಲ್ಲಗೆ.

ಇಬ್ಬರೂ ಸೇರಿ ಬಾಗಿಲನ್ನು ನೆಲಕ್ಕೆ ಮಲಗಿಸಿದರು. ಅವನು ಏಳುವಷ್ಟರಲ್ಲಿ ಅವಳು ಅದೇ ಬಾಗಿಲ ಮೇಲೆ ಕೂತು, ಪಕ್ಕದ ಧೂಳನ್ನು ಅಂಗೈಯಿಂದ ಒರೆಸಿದಳು.

“ಬನ್ನಿ, ಕೂತ್ಕೊಳ್ಳಿ. ನಾನಂತೂ ಬೇಡ ಅಂತಿಲ್ಲ.”

ಬಾಗಿಲಿಲ್ಲದ ಚೌಕಟ್ಟಿನಿಂದ ಹಿತ್ತಿಲ ಗಾಳಿ ಒಳಗೆ ಬಂತು. ಉಜ್ಜುವ ಕೆಲಸ ಅವತ್ತು ಬಹಳ ತಡವಾಗಿ ಶುರುವಾಯಿತು.