ಎಡಗಿವಿಯ ಹಸಿರು ದೀಪ

ಚಳಿಗಾಲ ಗಂಟುಮೂಟೆ ಕಟ್ಟುತ್ತಿದ್ದ ದಿನಗಳು. ಬೆಳಗಿನ ಬಿಸಿಲು ಇನ್ನೂ ಮೈದಾನದ ಗೋಡೆ ಹತ್ತಿರಲಿಲ್ಲ. ಸಾಲಾಗಿ ನಿಲ್ಲಿಸಿದ್ದ ಬೈಕುಗಳ ಸೀಟಿನ ಮೇಲೆ ಇಬ್ಬನಿ ಹಾಗೇ ಕೂತಿತ್ತು. ಅಂಥ ಹೊತ್ತಿನಲ್ಲಿ ಶುರುವಾದದ್ದು ಇದು... ಅದೂ ಜಗಳದಿಂದ!

“ನಾನು ಕಿವಿಗೆ ಏನೂ ಹಾಕ್ಕೊಳ್ಳಲ್ಲ!”

ಹಾಗೆಂದವಳನ್ನು ಕೆಲಸದ ಜಾಗದಲ್ಲಿ ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಹಿಡಿಯುವ ಕೆಲಸ. ಅವಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಬಂದು ಹೋದದ್ದೂ ಗೊತ್ತಾಗುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

ಎದುರಿಗಿದ್ದವನು ಬೈಕ್ ಕಲಿಸುವ ಮೇಷ್ಟ್ರು. ಅವನ ಅಂಗೈಯಲ್ಲಿ ಒಂದು ಇಯರ್‌ಫೋನು, ಅದರ ತಂತಿಯ ತುದಿಗೆ ಪುಟ್ಟ ವಾಕಿಟಾಕಿ ಸೆಟ್ಟು.

“ಇದಿಲ್ಲದೆ ಆಗಲ್ಲ ಮೇಡಂ. ನೀವು ಮುಂದೆ ಒಂದು ಗಾಡೀಲಿ, ನಾನು ಹಿಂದೆ ಇನ್ನೊಂದರಲ್ಲಿ. ಹೆಲ್ಮೆಟ್ ಒಳಗಿರೋ ಕಿವಿಗೆ ನಾನು ಹೇಳೋದಾದ್ರೂ ಹೇಗೆ?”

“ನನ್ನ ಮಾತು ನಿಮಗೆ ಬರುತ್ತಾ?”

“ಇಲ್ಲ. ನನ್ನ ಮಾತು ನಿಮಗೆ ಬರುತ್ತೆ, ಅಷ್ಟೇ. ಇದಕ್ಕೆ ಮೈಕೇ ಇಲ್ಲ, ನೋಡಿ.”

ಸೊಪ್ಪಿನಲ್ಲಿ ಹುಳ ಹುಡುಕುವವರ ಹಾಗೆ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಅವಳ ಅನುಮಾನಕ್ಕೆ ಕಾರಣವಿತ್ತು. ಮದುವೆ ಮಾತಾಗಿದ್ದ ಹುಡುಗ ಅವಳಿಗೊಂದು ಫೋನು, ಜೊತೆಗೆ ಬಿಳಿ ಇಯರ್‌ಬಡ್ ಕೊಡಿಸಿದ್ದ. ಆಮೇಲೆ ಅವನು ‘ಎಲ್ಲಿದ್ದೆ’ ಎಂದು ಕೇಳಿದ್ದೇ ಇಲ್ಲ. ಅವಳು ಎಲ್ಲಿದ್ದಳು, ಯಾರ ಜೊತೆ ಏನು ಮಾತಾಡಿದಳು ಎಂದು ಅವನೇ ಹೇಳುತ್ತಿದ್ದ! ಅಷ್ಟೊಂದು ಪ್ರೀತಿ ಎಂದುಕೊಂಡಿದ್ದಳು, ಪಾಪ. ಅಡುಗೆಮನೆಯಲ್ಲಿ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ್ದ ಮಾತು ಮರುದಿನ ಅವನ ಬಾಯಿಂದ ಬಂದಾಗ ಅವಳಿಗೆ ಎಲ್ಲ ಹೊಳೆಯಿತು. ಕದ್ದು ಕೇಳುವುದಕ್ಕೆ ಆ ಫೋನಿನೊಳಗೆ ಅವನೇ ಏನೋ ಕೂರಿಸಿದ್ದ.

ಸಂಬಂಧ ಮುರಿಯಿತು. ಅದರ ಜೊತೆಗೆ ಅವಳ ಮಾತೂ ನಿಂತಿತು.

ನಾನು ಹೇಳದ ಮಾತು ಗೊತ್ತಿರುವ ಗಂಡಸಿನ ನೆರಳೂ ಇನ್ನು ಬೇಡ... ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದಳು. ಪಕ್ಕದ ಊರಿನ ಲ್ಯಾಬಿನಲ್ಲಿ, ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸವಿತ್ತು. ಅದಕ್ಕೆ ಬೈಕಿನ ಲೈಸೆನ್ಸ್ ಬೇಕು. ಅದು ಸಿಕ್ಕರೆ ಅವನ ಬೀದಿಯಿರುವ ಈ ಊರನ್ನೇ ಬಿಟ್ಟು ಹೋಗಬಹುದು!

“ಖಂಡಿತಾ ಕೇಳಿಸಲ್ಲ ತಾನೇ?”

“ಖಂಡಿತಾ.”

ಹಾಕಿಕೊಂಡಳು.

“ಕ್ಲಚ್... ನಿಧಾನ... ಹಾಂ, ಹಾಗೇ. ಅವಸರ ಇಲ್ಲ.”

ಎಂಥ ದನಿ ಅದು! ಮಲಗಿದ ಮಗುವಿಗೆ ಹೊದಿಕೆ ಎಳೆಯುವಷ್ಟು ಮೆತ್ತಗೆ.

“ಅವಸರ ಇಲ್ವಂತೆ! ನಿಮಗೇನ್ರೀ, ಬೀಳೋಳು ನಾನು ತಾನೇ?” ಎಂದಳು ಹೆಲ್ಮೆಟ್ಟಿನೊಳಗೆ. ಅಂದವಳೇ ಬೆಚ್ಚಿದಳು. ಎಷ್ಟು ಕಾಲವಾಗಿತ್ತು ಮನಸ್ಸಿಗೆ ಬಂದದ್ದಕ್ಕೆ ಹೀಗೆ ಬಾಯಿಬಿಟ್ಟು!

ಅಲ್ಲಿಂದ ಆ ಹೆಲ್ಮೆಟ್ಟು ಅವಳದೇ ಒಂದು ಕೋಣೆಯಾಯಿತು. ಅಲ್ಲಿ ಬೈದಳು, ಹಾಡಿದಳು, ಹಳೆಯದನ್ನೆಲ್ಲ ನೆನೆದು ಅತ್ತಳು. ಕಿವಿಯೊಳಗಿನ ದನಿ ‘ಎಡಕ್ಕೆ’ ಎಂದರೆ ಇವಳು ತನ್ನ ಕಥೆ ಹೇಳುತ್ತಿದ್ದಳು. ‘ಗೇರ್ ಇಳಿಸಿ’ ಎಂದರೆ ಕಥೆ ಮುಂದುವರಿಸುತ್ತಿದ್ದಳು.

ಒಂದು ಬೆಳಿಗ್ಗೆ ಬಾಯಿ ಜಾರಿತು.

“ಈ ದನಿ ಜೀವನಪೂರ್ತಿ ಹೀಗೇ ಕಿವೀಲಿದ್ರೆ ಸಾಕಪ್ಪಾ ನಂಗೆ...”

ನಾಲಿಗೆ ಕಚ್ಚಿಕೊಂಡಳು. ಕೆನ್ನೆ ಬಿಸಿಯಾಯಿತು.

ಆ ದಿನವೇ ಅವಳು ಅದನ್ನು ನೋಡಿದ್ದು. ಪಾಠ ಮುಗಿದು ಮೇಷ್ಟ್ರು ಹೆಲ್ಮೆಟ್ ತೆಗೆದ. ಅವನ ಎಡಗಿವಿಯಲ್ಲಿ ಒಂದು ಕಪ್ಪು ಇಯರ್‌ಬಡ್. ಅದರ ಮೇಲೆ ಸಾಸಿವೆ ಕಾಳಿನಷ್ಟು ಹಸಿರು ದೀಪ. ಮಿಣುಕ್... ಮಿಣುಕ್...

ಅವಳು ನೋಡಿದ್ದೇ ತಡ, ಅವನ ಕೈ ತಾನಾಗಿ ಕಿವಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

ಹೇಳುವವನಿಗೆ ಬಾಯಿ ಸಾಕು... ಕಿವಿಗೇನು ಕೆಲಸ?

ಮನೆಗೆ ಬರುವಷ್ಟರಲ್ಲಿ ಅನುಮಾನದ ಹುಳ ಮರಿ ಹಾಕಿತ್ತು. ಮೊನ್ನೆ ಹಾಡುತ್ತಿದ್ದಾಗ “ಹಾಡು ಆಮೇಲೆ, ಮುಂದೆ ತಿರುವಿದೆ” ಎಂದಿದ್ದನಲ್ಲ! ಅಳುತ್ತಿದ್ದಾಗ “ಗಾಡಿ ಪಕ್ಕಕ್ಕೆ ಹಾಕಿ, ಗಾಜೆತ್ತಿ ಸ್ವಲ್ಪ ಗಾಳಿ ತಗೊಳ್ಳಿ” ಎಂದಿದ್ದನಲ್ಲ! ಎಲ್ಲಕ್ಕಿಂತ ಹೆಚ್ಚಾಗಿ ಆ ಬೀದಿ... ಮೈದಾನದಿಂದ ಹೊರಟ ರಸ್ತೆಯಲ್ಲೇ ಅವಳ ಹಳೆಯ ಹುಡುಗನ ಬೀದಿ. ಅದರ ಮುಂದೆ ಹೋಗುವಾಗೆಲ್ಲ “ಇಲ್ಲಿ ಬೇಡ, ಇಲ್ಲಿ ಬೇಡ” ಎಂದು ಗೊಣಗುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಮೇಷ್ಟ್ರು, “ಇವತ್ತಿಂದ ಬೇರೆ ದಾರೀಲಿ ಹೋಗೋಣ” ಎಂದಿದ್ದ.

ಹೇಗೆ ಗೊತ್ತಾಯಿತು ಅವನಿಗೆ?

“ಅಕ್ಕಾ, ಅವನೂ ಅದೇ ಜಾತಿ ಕಣೇ... ಕದ್ದು ಕೇಳ್ತಾನೆ.”

ಅಕ್ಕ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಿದಳು. “ಕೇಳೋ ಅಂಥದ್ದು ಏನು ಹೇಳಿದೀಯೆ ನೀನು?”

“ಏನಿಲ್ಲ.”

“ಏನಿಲ್ಲ ಅಂದ್ರೆ ಮುಖ ಯಾಕೆ ಹಾಗೆ ಕೆಂಪಾಯ್ತು?”

ಮೌನಿ ಎದ್ದು ಒಳಗೆ ಹೋದಳು.

ಮರುದಿನ ಅವಳಿಗೆ ಮೈಯೆಲ್ಲ ಕಣ್ಣು. ಗಾಡಿ ನೆಟ್ಟಗೆ ಓಡಿಸುತ್ತಲೇ ಹೆಲ್ಮೆಟ್ಟಿನೊಳಗೆ ಕೂಗಿದಳು: “ಮೇಷ್ಟ್ರೇ! ಬ್ರೇಕ್ ಹಿಡೀತಿಲ್ಲ! ಸತ್ತೆ!”

ಕನ್ನಡಿಯಲ್ಲಿ ನೋಡಿದಳು. ಹಿಂದೆ ಅವನ ಗಾಡಿ ಅದೇ ನಿಧಾನದಲ್ಲಿ ಬರುತ್ತಿತ್ತು.

“ಮುಂದೆ ಬಲಕ್ಕೆ. ಸಿಗ್ನಲ್ ಹಾಕಿ.”

ಕಳ್ಳ ಇಷ್ಟು ಸುಲಭಕ್ಕೆ ಸಿಕ್ಕಿಬೀಳ್ತಾನಾ? ಇರಲಿ, ನೋಡ್ತೀನಿ...

“ಮೇಷ್ಟ್ರೇ, ನಿಮ್ಮ ಮೀಸೆ ಹಳೇ ಹಲ್ಲುಜ್ಜೋ ಬ್ರಷ್ ಇದ್ದ ಹಾಗಿದೆ!”

ಮತ್ತೆ ಕನ್ನಡಿ. ಏನಿಲ್ಲ. ಅವಳಿಗೆ ನಗುವೂ ಬಂತು, ನಿರಾಳವೂ ಆಯಿತು. ಪಾಪ, ಸುಮ್ಮನೆ ಅನುಮಾನಪಟ್ಟೆನೇನೋ... ಎಂದುಕೊಳ್ಳುವಷ್ಟರಲ್ಲಿ ಕಿವಿಯೊಳಗೆ ಆ ದನಿ ನಕ್ಕಿತು.

“ಏನು ಮೇಡಂ, ಇವತ್ತು ನನಗೇ ಪರೀಕ್ಷೆ ಇಟ್ಟ ಹಾಗಿದೆ?”

ಗಕ್ಕನೆ ಬ್ರೇಕು! ಹಿಂದೆ ಬರುತ್ತಿದ್ದವನು ಹೇಗೋ ಪಕ್ಕಕ್ಕೆ ತಪ್ಪಿಸಿ ನಿಲ್ಲಿಸಿದ. ಅವಳು ಹೆಲ್ಮೆಟ್ ಕಿತ್ತು ಕೆಳಗಿಳಿದಿದ್ದಳು.

“ನಿಮ್ಮ ಎಡಗಿವೀಲಿ ಏನಿದೆ?”

ಅವನು ಹೆಲ್ಮೆಟ್ ತೆಗೆದು ಮೀಸೆ ಸವರಿಕೊಂಡ. ಮೀಸೆ! ಅವಳಿಗೆ ಇನ್ನೇನು ಸಾಕ್ಷಿ ಬೇಕಿತ್ತು?

“ಅದಾ... ಅದು ನಂದೊಂದು ಹುಚ್ಚು ಬಿಡಿ.”

“ಹುಚ್ಚಾ? ಮೈಕೇ ಇಲ್ಲ ಅಂತ ನನ್ನ ಕಿವಿ ಮೇಲೆ ಹೂ ಇಟ್ರಿ! ನಾನು ಅಳೋದು, ಹಾಡೋದು, ಎಲ್ಲ ಕೇಳ್ತಾ ಕೂತಿದ್ರಿ. ನೀವೂ ಅವನ ಹಾಗೇ...”

“ಯಾರ ಹಾಗೆ? ಮೇಡಂ, ಒಂದು ನಿಮಿಷ—”

ಗಾಡಿಯನ್ನು ಅಲ್ಲೇ ಬಿಟ್ಟು ಅವಳು ನಡೆದೇ ಹೋದಳು. ತಿರುಗಿ ನೋಡಲಿಲ್ಲ. ಅವನು ಹಿಂದೆ ಬರಲಿಲ್ಲ, ಫೋನೂ ಮಾಡಲಿಲ್ಲ.

ಬಂದಿದ್ದರೆ ಬೈಯಬಹುದಿತ್ತು. ಬಾರದವನನ್ನು ಏನು ಮಾಡುವುದು?

ಲೈಸೆನ್ಸ್ ಪರೀಕ್ಷೆಗೆ ಶುಕ್ರವಾರ ಗೊತ್ತಾಗಿತ್ತು. ಬುಧವಾರವೂ ಅವಳು ಮೈದಾನದ ಕಡೆ ತಲೆ ಹಾಕಲಿಲ್ಲ. ಸಂಜೆ ಬಾಗಿಲು ಬಡಿದದ್ದು ಟೈಲರಕ್ಕ, ಅವಳ ಜೊತೆ ಬೈಕ್ ಕಲಿಯುತ್ತಿದ್ದವಳು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಲೇ ಇತ್ತು.

“ಏನಮ್ಮಾ ಮೌನಿ, ಮೇಷ್ಟ್ರು ಮೂರು ದಿನದಿಂದ ಗರ ಬಡಿದೋರ ಹಾಗೆ ಇದಾರೆ. ನಿನ್ನೆ ನನಗೆ ಎಡಕ್ಕೆ ಅಂದ್ಬಿಟ್ಟು ಬಲಕ್ಕೆ ಕೈ ತೋರಿಸಿದ್ರು!”

ಅಕ್ಕನೇ ಎಲ್ಲ ಹೇಳಿದಳು. ಟೈಲರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ ಹುಚ್ಚಿ! ನಾನು ಹೆಲ್ಮೆಟ್ಟಲ್ಲಿ ಅವನಿಗೆ ಬೈದಿರೋ ಬೈಗುಳ ಒಂದು ಕಿವಿಗೆ ಬಿದ್ದಿದ್ರೂ ಅವನು ಊರು ಬಿಟ್ಟು ಓಡಿರ್ತಿದ್ದ!”

“ಕೇಳಿನೂ ಕೇಳದ ಹಾಗೆ ಇರೋರಿದಾರೆ ಟೈಲರಕ್ಕ.”

“ಸರಿ, ನನ್ನ ಮಾತು ನಂಬಬೇಡ, ಅವನ ಮಾತೂ ನಂಬಬೇಡ. ನಿನ್ನ ಕಿವಿ ನಂಬ್ತೀಯೋ ಇಲ್ವೋ?”

ಗುರುವಾರ ಬೆಳಿಗ್ಗೆ ಟೈಲರಕ್ಕ ಹೆಲ್ಮೆಟ್ ಹಾಕಿಕೊಂಡು ಮೈದಾನದ ಆ ತುದಿಯಲ್ಲಿ ನಿಂತಳು. ಮೌನಿ ನೆಟ್ಟಗೆ ಮೇಷ್ಟ್ರ ಹತ್ತಿರ ಬಂದಳು. ನಮಸ್ಕಾರವಿಲ್ಲ, ಮಾತಿಲ್ಲ. ಕೈಚಾಚಿ ಅವನ ಎಡಗಿವಿಯಿಂದ ಆ ಕಪ್ಪು ಇಯರ್‌ಬಡ್ ಕಿತ್ತು ತನ್ನ ಕಿವಿಗೆ ಹಾಕಿಕೊಂಡಳು. ಅದಿನ್ನೂ ಬೆಚ್ಚಗಿತ್ತು.

ದೂರದಲ್ಲಿ ಟೈಲರಕ್ಕ ಕೈಕಾಲು ಬೀಸಿ ಹೆಲ್ಮೆಟ್ಟಿನೊಳಗೆ ಕೂಗತೊಡಗಿದಳು. ಅವಳ ಇಡೀ ಮೈ ಬೈಯುತ್ತಿತ್ತು!

ಕಿವಿಯಲ್ಲಿ... ಏನೂ ಇಲ್ಲ.

ಬರೀ ಮೌನ.

ಮೇಷ್ಟ್ರು ಒಮ್ಮೆ ಅವಳನ್ನು, ಒಮ್ಮೆ ಕುಣಿಯುವ ಟೈಲರಕ್ಕನನ್ನು ನೋಡಿದ. ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಸೆಟ್ಟನ್ನು ಬಾಯಿಗೆ ಹಿಡಿದು ಗುಂಡಿ ಒತ್ತಿದ.

“ನಿಧಾನ... ಅವಸರ ಇಲ್ಲ.”

ಆ ದನಿ! ಅದೇ ಮೆತ್ತಗಿನ ದನಿ ಅವಳ ಕಿವಿಯೊಳಗೆ ಬಂತು. ಅದೇ ಗಳಿಗೆಗೆ ಆ ತುದಿಯಲ್ಲಿ ಟೈಲರಕ್ಕ ‘ಕೇಳಿಸ್ತು’ ಎಂದು ಕೈ ಎತ್ತಿದಳು.

“ಇದು... ನಿಮ್ಮ ದನಿ.”

“ನಂದೇ.” ಅವನು ತಲೆ ತಗ್ಗಿಸಿದ. “ನಾನು ಕಲಿಯುವಾಗ ನಮ್ಮ ಮೇಷ್ಟ್ರು ಕಿವಿಯಲ್ಲಿ ಕಿರುಚ್ತಿದ್ರು. ಕಿರುಚಿದಾಗೆಲ್ಲ ನಾನು ಬೀಳ್ತಿದ್ದೆ, ನೋಡಿ.” ಗದ್ದದ ಕೆಳಗೆ ಹಳೆಯ ಗಾಯದ ಗೆರೆಯಿತ್ತು. “ಕಿರುಚೋರಿಗೆ ತಾವು ಕಿರುಚ್ತಿದೀವಿ ಅಂತ ಗೊತ್ತೇ ಆಗಲ್ಲ. ಅದಕ್ಕೆ ನಿಮ್ಮದೇ ಥರದ್ದು ಇನ್ನೊಂದು ಸೆಟ್ಟು ನನ್ನ ಜೇಬಲ್ಲಿ, ಈ ಇಯರ್‌ಬಡ್‌ಗೆ ದನಿ ಬರೋದು ಅದರಿಂದಲೇ. ನಿಮ್ಮ ಕಿವಿಗೆ ಏನು ಬೀಳುತ್ತೋ ಅದು ನನ್ನ ಕಿವಿಗೂ ಬೀಳ್ಬೇಕು. ಚುಚ್ಚೋದಾದ್ರೆ ನನಗೂ ಚುಚ್ಚಲಿ.”

“ಆವತ್ತೇ ಹೇಳಬಾರದಿತ್ತಾ?”

“ತನ್ನ ಮಾತು ತಾನೇ ಕೇಳಿಸ್ಕೊಳ್ಳೋ ಮೇಷ್ಟ್ರು ಅಂದ್ರೆ ನಗಲ್ವಾ ಜನ? ಹೇಳೋಣ ಅನ್ನೋವಷ್ಟರಲ್ಲಿ ನೀವು ಹೊರಟೇ ಹೋದ್ರಿ. ಹೋಗೋರ ಹಿಂದೆ ಬರಬಾರದು ಅನ್ನಿಸ್ತು... ಭಯ ಬಿದ್ದಿದ್ರಿ ನೀವು.”

ಅವಳ ಕಣ್ಣು ತುಂಬಿತು. ಆದರೂ ಬಿಡಲಿಲ್ಲ.

“ಹಾಡ್ತಿದ್ದೆ ಅಂತ ಹೇಗೆ ಗೊತ್ತಾಯ್ತು?”

“ಹೆಲ್ಮೆಟ್ ತಾಳಕ್ಕೆ ತೂಗ್ತಿತ್ತು. ಆವತ್ತು ಪರೀಕ್ಷೆ ಅಂದಿದ್ದೂ ಅಷ್ಟೇ, ಗಳಿಗೆಗೊಮ್ಮೆ ಕನ್ನಡೀಲಿ ನನ್ನನ್ನೇ ನೋಡ್ತಿದ್ರಿ.”

“ಅಳ್ತಿದ್ದೆ ಅಂತ?”

“ಅಳು ಅಂತ ಗೊತ್ತಿರಲಿಲ್ಲ. ಭುಜ ಅದುರ್ತಿತ್ತು. ಉಸಿರು ಕಟ್ಟಿದೆಯೇನೋ ಅಂದ್ಕೊಂಡೆ.”

“ಮತ್ತೆ... ಆ ಬೀದಿ?”

ಅವನು ರಸ್ತೆಯ ಕಡೆ ತಿರುಗಿ ನೋಡಿದ.

“ಅಲ್ಲಿಗೆ ಬಂದಾಗೆಲ್ಲ ನಿಮ್ಮ ಹಿಂದಿನ ಕೆಂಪು ದೀಪ ಉರೀತಿತ್ತು. ಗುಂಡಿ ಇಲ್ಲ, ನಾಯಿ ಇಲ್ಲ, ಆದ್ರೂ ಬ್ರೇಕು. ಏನೋ ಇದೆ ಅನ್ನಿಸ್ತು. ಏನು ಅಂತ ಕೇಳೋಕೆ ನಾನ್ಯಾರು? ದಾರಿ ಬದಲಾಯಿಸಿದೆ, ಅಷ್ಟೇ.”

ಒಬ್ಬ ಎಲ್ಲವನ್ನೂ ಕದ್ದು ಕೇಳಿದ್ದ. ಇನ್ನೊಬ್ಬ ಕಣ್ಣಿಗೆ ಕಂಡದ್ದನ್ನೂ ಕೆದಕದೆ, ದಾರಿ ಬಿಟ್ಟುಕೊಟ್ಟಿದ್ದ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದೆನಲ್ಲಾ... ಅವಳಿಗೆ ನಾಚಿಕೆಯಾಯಿತು.

“ಹಾಗಾದ್ರೆ ನಾನು ಹೆಲ್ಮೆಟ್ಟಲ್ಲಿ ಹೇಳಿದ್ದು ಒಂದೂ ಕೇಳಿಸಿಲ್ವಾ?”

“ಒಂದೂ ಇಲ್ಲ. ಆಣೆಗೂ!”

“ಅಯ್ಯೋ... ಒಂದೂ?”

ಅವಳ ಮುಖ ನೋಡಿ ಅವನಿಗೆ ಗೊಂದಲ. “ಯಾಕೆ? ಕೇಳಬಾರದು ಅಂತ ತಾನೇ ಇಷ್ಟೆಲ್ಲ ಆಗಿದ್ದು?”

“ಬೇರೇದು ಬಿಡಿ... ಒಂದು ಮಾತು ಕೇಳಬೇಕಿತ್ತು.”

“ಮತ್ತೆ ಹೇಳೋಕಾಗಲ್ವಾ?”

“ಮುಖ ನೋಡಿಕೊಂಡು ಆಗಲ್ಲಪ್ಪಾ!”

ಅವನು ಮಾತಾಡುವ ಸೆಟ್ಟನ್ನೂ ಜೇಬಿನ ಸೆಟ್ಟನ್ನೂ ಅವಳ ಕೈಯಲ್ಲಿಟ್ಟ. ಅವಳು ಕಲಿಯುವಾಗ ಹಾಕಿಕೊಳ್ಳುತ್ತಿದ್ದ ಸೆಟ್ಟನ್ನು ತಾನು ತೆಗೆದುಕೊಂಡು, ಅದರ ಇಯರ್‌ಫೋನು ಕಿವಿಗಿಟ್ಟು, ಮೈದಾನದ ನಡುವಿಗೆ ಹೋಗಿ ಅವಳಿಗೆ ಬೆನ್ನು ಮಾಡಿ ನಿಂತ. ಅವನ ಇಯರ್‌ಬಡ್ ಮಾತ್ರ ಅವಳ ಕಿವಿಯಲ್ಲೇ ಉಳಿಯಿತು.

ಅವಳು ಗುಂಡಿ ಒತ್ತಿದಳು.

“ಈ ದನಿ... ಜೀವನಪೂರ್ತಿ ಹೀಗೇ ನನ್ನ ಕಿವೀಲಿರಲಿ ಅಂದಿದ್ದೆ. ನಿಮ್ಮದು.”

ತನ್ನ ಮಾತು ತನ್ನ ಕಿವಿಗೇ ಬಿತ್ತು. ಎಷ್ಟು ಕಾಲದ ಮೇಲೆ ಕೇಳಿದಳು ತನ್ನ ದನಿಯನ್ನು! ಅದು ನಡುಗುತ್ತಿತ್ತು, ಆದರೆ ಸುಳ್ಳಾಗಿರಲಿಲ್ಲ.

ಅವನು ತಿರುಗಿದ. ಕಣ್ಣು ಒದ್ದೆ, ಮುಖದ ತುಂಬ ನಗು.

“ಬೇರೆ ಏನೇನು ಹೇಳಿದ್ರಿ?” ಎಂದು ಅಲ್ಲಿಂದಲೇ ಕೂಗಿದ.

“ಮೀಸೆ ಬಗ್ಗೆ ಒಂದು ಮಾತು!”

“ನನ್ನ ಮೀಸೆಗೇನಾಗಿದೆ?”

ಆ ತುದಿಯಿಂದ ಟೈಲರಕ್ಕ ಹೆಲ್ಮೆಟ್ ಕಿತ್ತುಹಾಕಿ ಅರಚಿದಳು. “ರೀ! ನನ್ನ ಕಿವಿಗೂ ಎಲ್ಲ ಬರ್ತಿದೆ! ಮುಂದಕ್ಕೆ ಹೇಳಿ, ಮುಂದಕ್ಕೆ ಹೇಳಿ!”

ಶುಕ್ರವಾರ ಪರೀಕ್ಷೆ ಪಾಸಾಯಿತು. ಪಕ್ಕದ ಊರಿನ ಕೆಲಸವೂ ಖಾತ್ರಿಯಾಯಿತು. ಹೋಗಬೇಡ ಎಂದು ಅವನು ಅನ್ನಲಿಲ್ಲ. ಹೊರಡುವ ಬೆಳಿಗ್ಗೆ ಹೊಸದೊಂದು ಸೆಟ್ಟು ತಂದು ಅವಳ ಹೆಲ್ಮೆಟ್ಟಿಗೆ ಕೂರಿಸಿದ. ಇದಕ್ಕೆ ಮೈಕಿತ್ತು. ಗುಂಡಿ ಒತ್ತಿದರೆ ಮಾತ್ರ ಮಾತು ಹೋಗುತ್ತದೆ. ಆ ಗುಂಡಿ ಅವಳ ಹೆಬ್ಬೆರಳಿನ ಕೆಳಗೆ.

“ದೊಡ್ಡ ತಿರುವಿನ ತನಕ ಬರುತ್ತೆ. ಆಮೇಲೆ ಕೇಳಿಸಲ್ಲ,” ಎಂದ.

“ಆಮೇಲೆ ಬೇಡ. ಆಮೇಲೆ ನಾನೇ ಇದೀನಲ್ಲ.”

ರಕ್ತ ತರುವ ಖಾಲಿ ಸೀಸೆಗಳ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ಹಳೆಯ ರಸ್ತೆಯಲ್ಲೇ ಹೊರಟಳು. ಅವನು ಗೇಟಿನ ಬಳಿ ನಿಂತ.

“ಕೇಳಿಸ್ತಿದೆಯಾ?”

“ಹಾಂ. ನಿಮಗೆ?”

“ಕೇಳಿಸ್ತಿದೆ. ಭಾನುವಾರ ಬರ್ತೀರಲ್ಲಾ?”

“ಬರ್ತೀನಿ. ಮನೇಲಿ ಮಾತಾಡೋಕೆ ನಿಮ್ಮನ್ನ ಹಿಂದೆ ಕೂರಿಸ್ಕೊಂಡು ಹೋಗ್ತೀನಿ. ಹೆದರಿಕೊಂಡು ಕಿರುಚಬಾರದು!”

“ಕಿರುಚಲ್ಲ. ನಿಧಾನ... ಅವಸರ...”

“ಗೊತ್ತು ಮಾರಾಯ್ರೇ. ಅವಸರ ಇಲ್ಲ.”

ದೂರವಾದಂತೆ ದನಿ ಗರಗರ ಎಂದು ಒಡೆಯತೊಡಗಿತು. ಆ ಬೀದಿಯ ಬಾಯಿ ಬಂತು. ಗೇಟಿನ ಬಳಿ ನಿಂತವನು ಉಸಿರು ಬಿಗಿಹಿಡಿದು ನೋಡಿದ. ಅವಳ ಗಾಡಿ ಅದನ್ನು ದಾಟಿತು.

ಹಿಂದಿನ ಕೆಂಪು ದೀಪ ಉರಿಯಲಿಲ್ಲ.

ಮೌನಿ ಆ ಊರಿನಿಂದ ಹೊರಟದ್ದು ಹಾಗೆ, ಸೋಮವಾರ ಬೆಳಿಗ್ಗೆ, ಹೆಲ್ಮೆಟ್ಟಿನೊಳಗೆ ದೊಡ್ಡದಾಗಿ ಹಾಡಿಕೊಳ್ಳುತ್ತಾ.